ಕಪ್ಪು ಪರದೆಯ ಪೂರ್ವರಂಗ

ಗೇಮ್ ಆಡುವುದಕ್ಕೆ ಬೇಕು ಅಂತ ನಿಜ ಹೇಳಿ ಅಪ್ಪನಿಂದ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿಕೊಂಡ ಮಗನನ್ನು ನಾನಿನ್ನೂ ನೋಡಿಲ್ಲ. ‘ಪ್ರಾಜೆಕ್ಟ್‌ಗೆ ಬೇಕಪ್ಪಾ’, ‘ಎಐ ಎಲ್ಲ ಅದ್ರಲ್ಲೇ ಓಡೋದು’, ‘ಮಾಮೂಲಿ ಲ್ಯಾಪ್‌ಟಾಪ್ ಬಿಸಿ ಆಗುತ್ತೆ’. ಈ ಕೊನೆಯ ಮಾತನ್ನಂತೂ ಗೇಮಿಂಗ್ ಲ್ಯಾಪ್‌ಟಾಪನ್ನು ಒಮ್ಮೆ ತೊಡೆಯ ಮೇಲಿಟ್ಟುಕೊಂಡವರು ಯಾರೂ ನಂಬಲಾರರು. ಅಂತೂ ಯಂತ್ರ ಮನೆಗೆ ಬರುತ್ತದೆ. ಕೆಂಪು ದೀಪದ ಕೀಬೋರ್ಡು, ಬ್ಯಾಗಿನ ಅರ್ಧ ಭಾರವೆಲ್ಲ ತಾನೇ ಆಗುವ ಚಾರ್ಜರು. ಫ್ಯಾನ್ ತಿರುಗತೊಡಗಿತೆಂದರೆ ಪಕ್ಕದ ಕೋಣೆಯಲ್ಲಿ ಟಿವಿ ಸೌಂಡ್ ಏರಿಸಬೇಕು.

ಅಷ್ಟಕ್ಕೇ ಮುಗಿದರೆ ಸುಖ. ಆದರೆ ಒಂದು ಸೆಮಿಸ್ಟರ್ ಕಳೆಯುವಷ್ಟರಲ್ಲಿ ಹುಡುಗನಿಗೆ ಲಿನಕ್ಸ್ ಹಾಕುವ ಮನಸ್ಸಾಗುತ್ತದೆ. ಹಾಸ್ಟೆಲಿನ ಯಾರೋ ಒಬ್ಬ ಪೆನ್‌ಡ್ರೈವ್ ಕೊಡುತ್ತಾನೆ. ಮಾರನೆಯ ದಿನ ನನಗೆ ಅಕ್ಕನ ಮಗನ ಫೋನು: ‘ಮಾಮ, ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ.’

ಆನ್ ಆಗ್ತಿಲ್ಲ ಎಂದರೆ ಎಲ್ಲಿಯವರೆಗೆ ಆಗಿ ನಿಂತಿದೆ ಎಂದು ಕೇಳಬೇಕು. ಕರಾವಳಿಯಲ್ಲಿ ಬೆಳೆದ ನನಗೆ ಬೂಟ್ ಆಗುವುದೆಂದರೆ ಯಕ್ಷಗಾನದ ಪೂರ್ವರಂಗ. ಪ್ರಸಂಗಕ್ಕೆ ಮೊದಲು ಕೋಡಂಗಿ ಬರಬೇಕು, ಬಾಲಗೋಪಾಲರು ಕುಣಿಯಬೇಕು, ಸ್ತ್ರೀವೇಷ ಬಂದು ಹೋಗಬೇಕು, ಆಮೇಲೆ ಒಡ್ಡೋಲಗ. ಇಲ್ಲೂ ಮೊದಲು ಏಳುವುದು ಮದರ್‌ಬೋರ್ಡಿನೊಳಗಿನ ಯುಇಎಫ್‌ಐ. ಊರೆಲ್ಲ ಅದನ್ನಿನ್ನೂ ಬಯೋಸ್ ಎಂದೇ ಕರೆಯುತ್ತದೆ. ಅದು ರ‍್ಯಾಮು, ಡಿಸ್ಕುಗಳನ್ನು ತಡಕಿ ನೋಡಿ ಗ್ರಬ್ ಎಂಬ ಬೂಟ್‌ಲೋಡರಿಗೆ ರಂಗ ಬಿಟ್ಟುಕೊಡುತ್ತದೆ, ಗ್ರಬ್ ಲಿನಕ್ಸಿನ ತಿರುಳಾದ ಕರ್ನಲನ್ನು ಕರೆಯುತ್ತದೆ, ಕರ್ನಲ್ ಗ್ರಾಫಿಕ್ಸ್ ಕಾರ್ಡನ್ನು ಒಲಿಸಿಕೊಂಡ ಮೇಲಷ್ಟೇ ನಮಗೆ ಡೆಸ್ಕ್‌ಟಾಪ್ ಕಾಣುವುದು. ಯಾವ ವೇಷದವರೆಗೆ ಬಂತು ಎಂದು ಗೊತ್ತಾದರೆ ಅರ್ಧ ರಿಪೇರಿ ಮುಗಿಯಿತು. ಇದನ್ನು ಕೇಳದೆ ‘ಫಾರ್ಮ್ಯಾಟ್ ಹೊಡೀಬೇಕು ಸಾರ್’ ಎನ್ನುವ ರಿಪೇರಿಯವರ ಮೇಲೆ ನನಗೆ ಹಳೇ ಸಿಟ್ಟು.

ಕಂಪನಿಯ ಲೋಗೋ ಕೂಡ ಬಾರದಿದ್ದರೆ ಅದರಲ್ಲಿ ಲಿನಕ್ಸಿನ ಪಾತ್ರ ಬಹುತೇಕ ಇಲ್ಲ. ಚಾರ್ಜರ್ ಕಿತ್ತು ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಹೊಸದಾಗಿ ಡಿಡಿಆರ್5 ರ‍್ಯಾಮ್ ಹಾಕಿಸಿದ್ದರೆ ಮೊದಲ ಸಲ ಅದನ್ನು ಹದಕ್ಕೆ ತಂದುಕೊಳ್ಳಲು ಕೆಲವು ಯಂತ್ರಗಳು ನಿಮಿಷಗಟ್ಟಲೆ ಕತ್ತಲಲ್ಲೇ ಕೂರುತ್ತವೆ. ಅಷ್ಟರಲ್ಲಿ ನಮ್ಮ ಹುಡುಗರು ಗಾಬರಿಯಾಗಿ ಆಫ್ ಮಾಡಿರುತ್ತಾರೆ, ಅದು ಮತ್ತೆ ಮೊದಲಿಂದ ಶುರು.

ನಿಜವಾದ ರಂಪ ಇರುವುದು ಲೋಗೋ ಬಂದು ಆಮೇಲೆ ಪರದೆ ಕಪ್ಪಾಗುವ ಕಡೆ. ಈ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್: ಪ್ರೊಸೆಸರಿನೊಳಗೆ ಬಡಪಾಯಿ ಒಂದು, ಹೊರಗೆ ಎನ್ವಿಡಿಯಾದ ಜಟ್ಟಿ ಇನ್ನೊಂದು. ಲಿನಕ್ಸಿನ ಜೊತೆಗೇ ಬರುವ ನೂವೋ ಎಂಬ ಡ್ರೈವರನ್ನು ಕಂಪನಿಯ ಕಾಗದಪತ್ರ ಹೆಚ್ಚೇನೂ ಸಿಗದ ಕಾಲದಲ್ಲಿ, ಕಾರ್ಡಿನ ನಡವಳಿಕೆ ನೋಡಿ ನೋಡಿಯೇ ಬರೆದರು. ಹೊಸ ಕಾರ್ಡು ಕಂಡರೆ ಅದು ಕೆಲವೊಮ್ಮೆ ಕಕ್ಕಾಬಿಕ್ಕಿ. ಆಗ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಸೇರಿಸಿದರೆ ಹೇಗೋ ಒಳಗೆ ಹೋಗಬಹುದು. ಹೋಗಿ ಎನ್ವಿಡಿಯಾದ ಸ್ವಂತ ಡ್ರೈವರ್ ಹಾಕಿಕೊಳ್ಳಬೇಕು. ಸಹಿಯಿಲ್ಲದ ಡ್ರೈವರನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ಆನ್ ಇದ್ದರೆ, ಉಬುಂಟು ಎಂಬ ಲಿನಕ್ಸ್ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬೂಟಿನಲ್ಲಿ ನೀಲಿ ಪರದೆಯೊಂದನ್ನು ತೋರಿಸುತ್ತದೆ. ಅಲ್ಲಿ ಕೀ ನೋಂದಾಯಿಸಬೇಕು. ಹುಡುಗರು ಓದದೆ ‘ಕಂಟಿನ್ಯೂ’ ಒತ್ತುತ್ತಾರೆ. ಡ್ರೈವರ್ ಬಾಗಿಲಾಚೆಯೇ ಉಳಿಯುತ್ತದೆ.

ಎನ್ವಿಡಿಯಾ ಮೇಲಿನ ಸಿಟ್ಟು ದೊಡ್ಡವರಿಗೂ ಇತ್ತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾದತ್ತ ತಿರುಗಿ ಎನ್ವಿಡಿಯಾಗೆ ಬೆರಳೆತ್ತಿ ಬೈದರು. ಯಾವ ಬೆರಳೆಂದು ಬಿಡಿಸಿ ಹೇಳಬೇಕಿಲ್ಲ. ಹತ್ತು ವರ್ಷದ ಮೇಲೆ, 2022ರಲ್ಲಿ, ಕಂಪನಿ ತನ್ನ ಕರ್ನಲ್ ಮಾಡ್ಯೂಲುಗಳ ಸೋರ್ಸ್ ಕೋಡನ್ನು ತೆರೆದಿಟ್ಟಿತು. ಅದು ಬೆರಳಿನ ಮಹಿಮೆಯಲ್ಲ, ಎಐ ಸರ್ವರುಗಳು ಲಿನಕ್ಸಿನ ಮೇಲೇ ಓಡುವುದರ ಮಹಿಮೆ ಎಂದು ನನ್ನ ಅಂದಾಜು.

ಇನ್ನೊಂದು ತಕರಾರು: ಇನ್‌ಸ್ಟಾಲರಿಗೆ ಡಿಸ್ಕೇ ಕಾಣುವುದಿಲ್ಲ. ಕೆಲವು ಇಂಟೆಲ್ ಯಂತ್ರಗಳಲ್ಲಿ ವಿಎಂಡಿ ಎಂಬುದು ಎಸ್‌ಎಸ್‌ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿರುತ್ತದೆ. ಬಯೋಸಿನಲ್ಲಿ ಅದನ್ನು ಆಫ್ ಮಾಡಿದರೆ ಲಿನಕ್ಸಿಗೆ ಡಿಸ್ಕ್ ಸಿಗುತ್ತದೆ, ವಿಂಡೋಸ್ ಮುನಿಸಿಕೊಳ್ಳುತ್ತದೆ. ಮುನಿಸಿಕೊಂಡು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ 48 ಅಂಕಿಯ ಕೀ ಕೇಳಿದರಂತೂ ಮನೆಯಲ್ಲಿ ಸೂತಕ. ಆ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡವನನ್ನು ನಾನು ಹುಡುಕುತ್ತಿದ್ದೇನೆ, ಸಿಕ್ಕರೆ ಕಾಫಿ ಕೊಡಿಸುತ್ತೇನೆ.

ಇಷ್ಟೆಲ್ಲ ಪಡಿಪಾಟಲು ಯಾಕೆ ಎಂದು ಅಕ್ಕ ಕೇಳುತ್ತಾಳೆ. ಒಂದು ಕಾಲದಲ್ಲಿ ಲಿನಕ್ಸ್ ಹಾಕಿಕೊಂಡವರು ಗೇಮಿನ ಆಸೆ ಬಿಡಬೇಕಿತ್ತು. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬ ತಂತ್ರಾಂಶ ತಂದ ಮೇಲೆ ವಿಂಡೋಸಿಗೆಂದೇ ಮಾಡಿದ ಆಟಗಳೂ ಇಲ್ಲಿ ಓಡತೊಡಗಿದವು. ಅದೇ ಕಂಪನಿಯ 2022ರ ಗೇಮಿಂಗ್ ಯಂತ್ರ ಸ್ಟೀಮ್ ಡೆಕ್ ಅಂತೂ ಒಳಗೆ ಲಿನಕ್ಸೇ. ನನ್ನ ಮಟ್ಟಿಗೆ ಲಾಭ ಬೇರೆ. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ವಿನ್ಯಾಸ ಮೊದಲೇ ಇರುತ್ತದೆ, ಕನ್ನಡ ಕೀಬೋರ್ಡ್ ವಿನ್ಯಾಸ ರೂಪಿಸಿದ ಕೆ.ಪಿ. ರಾಯರ ದಾರಿಯಲ್ಲಿ ಬಂದದ್ದು. ಆರಿಸಿಕೊಂಡರಾಯಿತು, ಬೇರೆ ಸಾಫ್ಟ್‌ವೇರ್ ಬೇಡ. ಕೆಂಪು ದೀಪದ ಕೀಬೋರ್ಡಿನಲ್ಲಿ ಒತ್ತಕ್ಷರ ಕುಟ್ಟುವ ಮಜವೇ ಬೇರೆ.

ಅಕ್ಕನ ಮಗನದು ಒಂದೇ ಪ್ರಶ್ನೆ: ‘ಮಾಮ, ವ್ಯಾಲರಂಟ್ ಓಡುತ್ತಾ?’ ಓಡುವುದಿಲ್ಲ. ಆ ಆಟದಲ್ಲಿ ಮೋಸ ತಡೆಯುವ ವ್ಯಾನ್‌ಗಾರ್ಡ್ ಎಂಬ ಕಾವಲುಗಾರ ವಿಂಡೋಸಿನ ಕರ್ನಲಿನಲ್ಲೇ ಬೀಡುಬಿಡುವವನು, ಲಿನಕ್ಸಿನಲ್ಲಿ ಅವನಿಗೆ ಜಾಗವಿಲ್ಲ. ಹಾಗಾಗಿ ಅರ್ಧ ಡಿಸ್ಕು ವಿಂಡೋಸಿಗೆ, ಅರ್ಧ ಲಿನಕ್ಸಿಗೆ ಎಂದು ಪಾಲಾಯಿತು. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಅಪ್‌ಡೇಟ್ ಹೀಗೆ ಪಾಲು ಮಾಡಿದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸನ್ನು ಬೂಟ್ ಆಗದಂತೆ ತಡೆದಿತ್ತು. ಆ ಕಥೆಯನ್ನು ಅವನಿಗೆ ಹೇಳಿದ್ದೇ ತಡ, ಈಗ ಪ್ರತಿ ಅಪ್‌ಡೇಟಿಗೂ ಮೊದಲು ನನ್ನ ಒಪ್ಪಿಗೆ ಕೇಳಿ ಫೋನ್ ಮಾಡುತ್ತಾನೆ, ಹೆಚ್ಚಾಗಿ ಊಟದ ಹೊತ್ತಿಗೆ.