ಅರಿಶಿನ ಕುಂಕುಮದ ಲೆಕ್ಕ

ದೊಡ್ಡನೆಕ್ಕುಂದಿಯ ಹೊಲಗಳಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳ ಸಹಿ ಯಾರಿಗೂ ಬೇಕಾಗಿರಲಿಲ್ಲ. ರಿಂಗ್ ರೋಡು ಬಂತು, ಅದರ ಹಿಂದೆಯೇ ಗಾಜಿನ ಕಟ್ಟಡಗಳು ಬಂದವು, ಗುಂಟೆಯಲ್ಲಿ ಅಳೆಯುತ್ತಿದ್ದ ನೆಲವನ್ನು ಚದರಡಿಯಲ್ಲಿ ಅಳೆಯತೊಡಗಿದರು. ಮದುವೆಯಾಗಿ ಹೋಗಿದ್ದ ಅಕ್ಕತಂಗಿಯರೆಲ್ಲ ಆಗ ಒಟ್ಟಿಗೇ ನೆನಪಾದರು. ಕೊಳ್ಳುವವರ ವಕೀಲರು ವಂಶವೃಕ್ಷ ಕೇಳುತ್ತಾರೆ. ಅದರಲ್ಲಿ ಹೆಣ್ಣಿನ ಹೆಸರಿದ್ದರೆ ಅವಳ ಹಕ್ಕು ಬಿಡುಗಡೆ ಪತ್ರವನ್ನೂ ಕೇಳುತ್ತಾರೆ. ಬಿಟ್ಟುಕೊಟ್ಟವಳಿಗೆ ‘ಅರಿಶಿನ ಕುಂಕುಮಕ್ಕೆ’ ಎಂದು ಒಂದಿಷ್ಟು ದುಡ್ಡು. ನೋಂದಣಿ ಕಚೇರಿಯ ಬೆಂಚಿನ ಮೇಲೆ ರೇಷ್ಮೆ ಸೀರೆಯುಟ್ಟು ಕೂತ ಹೆಂಗಸರನ್ನು ಕಂಡರೆ ಯಾವುದೋ ಮದುವೆಗೆ ಹೊರಟವರೆಂದೇ ಅನ್ನಿಸಬೇಕು.

ನಮ್ಮಮ್ಮನೂ ಹಾಗೇ ಹೋಗಿ ಸಹಿ ಹಾಕಿ ಬಂದಳು. “ತವರಿನ ಬಾಗಿಲು ಮುಚ್ಚಿದ್ರೆ ಗೌರಿ ಹಬ್ಬಕ್ಕೆ ಯಾರ ದಾರಿ ಕಾಯ್ಲಿ?” ಅಂದಳು. ಅವಳನ್ನು ಕೈಲಾಗದವಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಂಡನ ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ‘ನನಗೂ ತಮ್ಮ ಇದ್ದಾನೆ’ ಎಂಬ ಧೈರ್ಯದಲ್ಲೇ ದಿನ ದೂಡಿದವಳು. ಆ ಧೈರ್ಯಕ್ಕೆ ಕೊಟ್ಟ ಬೆಲೆ ಅದು. ದುಬಾರಿಯೇ.

ದೊಡ್ಡಮ್ಮನ ದಾರಿ ಬೇರೆಯಾಯಿತು. ದೊಡ್ಡಪ್ಪ ತೀರಿಕೊಂಡಾಗ ಮಕ್ಕಳಿನ್ನೂ ಪ್ರೈಮರಿಯಲ್ಲಿದ್ದರು. ಇಲ್ಲೇ ಒಂದು ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಸೇರಿ ಟೈಲರ್ ಆದಳು. ಗಂಟೆಗೆ ಇಷ್ಟು ಪೀಸ್ ಎಂಬ ಸೂಪರ್‌ವೈಸರ್ ಕೂಗಿನ ನಡುವೆ ಅವಳು ಕಲಿತ ದೊಡ್ಡ ವಿದ್ಯೆ, ಕಾಗದ ಓದುವುದು. ಸಂಬಳದ ಚೀಟಿಯಲ್ಲಿ ಪಿಎಫ್‌ಗೆ ಹಿಡಿದದ್ದೆಷ್ಟು, ಓಟಿ ಸೇರಿದೆಯೋ ಇಲ್ಲವೋ, ಬೆರಳಿಟ್ಟು ನೋಡುವಳು. ಕಂಪನಿಯ ಪಾಲಿನ ಪಿಎಫ್ ಅನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರಲ್ಲ, ಮರುದಿನವೇ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ಪಡೆಯಿತಲ್ಲ, ಆ ಸುದ್ದಿಯನ್ನು ಅವಳು ನೆಂಟರ ಮದುವೆಯ ಸುದ್ದಿಯಂತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಇಂಥವಳ ಮುಂದೆ ಮಾವ ಬಿಡುಗಡೆ ಪತ್ರ ಇಟ್ಟ. “ಅಕ್ಕ, ನಿನ್ನ ಮದ್ವೆ ತೊಂಬತ್ನಾಕಕ್ಕೆ ಮುಂಚೆ ಆಗದೆ, ಕಾನೂನಲ್ಲಿ ನಿಂಗೆ ಬರಾಕಿಲ್ಲ. ಆದ್ರೂ ಅರಿಶಿನ ಕುಂಕುಮಕ್ಕೆ ಅಂತ ಕೊಡ್ತೀನಿ.” ಅರ್ಧ ತಿಳಿದ ಯಾರೋ ಹೇಳಿಕೊಟ್ಟಿದ್ದರು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು, ಇದು ನಿಜ. ಆದರೆ 2005ರ ಕೇಂದ್ರ ತಿದ್ದುಪಡಿ ಆ ಬೇಲಿ ತೆಗೆಯಿತು. ಆಗ ಅಪ್ಪ ಬದುಕಿರಲೇಬೇಕು ಎಂದೂ ಇಲ್ಲವೆಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟನ್ನೂ ದೊಡ್ಡಮ್ಮ ಫ್ಯಾಕ್ಟರಿಯ ಗೆಳತಿ ಪರಿಚಯಿಸಿದ ವಕೀಲರಿಂದ ಆಗಲೇ ತಿಳಿದಿದ್ದಳು. ಆದರೆ ತಮ್ಮನಿಗೆ ಕೋರ್ಟಿನ ಮಾತು ಆಡಲಿಲ್ಲ.

“ಅವರು ಹೋದ್ಮೇಲೆ ಬಾಗಿನ ನಿಲ್ಲಿಸ್ದೆ. ಸಂಪ್ರದಾಯ ಅಂದೆ, ಸುಮ್ಮನಾದೆ. ಅರಿಶಿನ ಕುಂಕುಮನೇ ಇಲ್ಲದೋಳಿಗೆ ಈಗ ಯಾವ ಲೆಕ್ಕದಲ್ಲಿ ಕೊಡ್ತೀಯಪ್ಪ?”

ಮಾವ ಕಾಗದ ಮಡಚಿಕೊಂಡು ಎದ್ದ. ಕಾಫಿ ಹಾಗೇ ಉಳಿಯಿತು.

ಮಾರಾಟ ತಿಂಗಳುಗಟ್ಟಲೆ ತಡವಾಯಿತು. ಊರಲ್ಲಿ ಆಡಿಕೊಂಡವರಿಗೆ ಬರವೇ? ತಮ್ಮನ ಅನ್ನ ಕಿತ್ತಳು ಅಂದರು, ಮಕ್ಕಳು ತಲೆ ಕೆಡಿಸಿದರು ಅಂದರು. ಅವಳು ಶಿಫ್ಟಿಗೆ ಹೋಗಿ ಬರುತ್ತಲೇ ಇದ್ದಳು. ಎಲ್ಲಕ್ಕಿಂತ ಹೆಚ್ಚು ಶಾಪ ಹಾಕಿದವಳು ಮಾವನ ಹೆಂಡತಿ. ಕೊನೆಗೂ ದೊಡ್ಡಮ್ಮ ಸಹಿ ಹಾಕಿದಳು, ಬಿಡುಗಡೆ ಪತ್ರಕ್ಕಲ್ಲ, ಕ್ರಯಪತ್ರಕ್ಕೆ. ಮಾರುವವರಲ್ಲಿ ಒಬ್ಬಳಾಗಿ, ತನ್ನ ಪಾಲಿನ ಚೆಕ್ ತನ್ನ ಹೆಸರಿಗೇ ಬರೆಸಿಕೊಂಡು. ನಮ್ಮಮ್ಮ ಪಕ್ಕದಲ್ಲೇ ನಿಂತು ನೋಡಿದಳು. ಏನು ಅನ್ನಿಸಿತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮಾತು ಬಿಟ್ಟಿದ್ದ ಮಾವನ ಮನೆಯಿಂದ ಮೊನ್ನೆ ಫೋನ್ ಬಂತು. ಮಾಡಿದ್ದು ಮಾವನ ಹೆಂಡತಿ, ದನಿ ತಗ್ಗಿಸಿಕೊಂಡು: “ಅತ್ತಿಗೆ, ನಮ್ಮ ತವರಲ್ಲೂ ಜಮೀನು ಮಾರ್ತಾವ್ರೆ. ಆ ನಿಮ್ಮ ಲಾಯರ್ ನಂಬರ್ ಒಸಿ ಕೊಡ್ತೀರಾ?”