ನಿಪ್ಪಾಣಿ ಮಾಳಿಗೆ ಮೇಲೆ ಒಂದು ಪೇಲ್ ಏಲ್

ಕೋಡ್ ಬರೆಯೋದು ನನ್ನ ಹೊಟ್ಟೆಪಾಡು. ವಾರಾಂತ್ಯಕ್ಕೆ ಕ್ರಾಫ್ಟ್ ಬಿಯರ್ ರುಚಿ ನೋಡಿ ಆ್ಯಪ್‌ನಲ್ಲಿ ಸ್ಟಾರ್ ಕೊಡೋದು ಹುಚ್ಚು. ಐದಕ್ಕೆ ಎಷ್ಟು ಅಂತ, ಕಾಲು ಕಾಲು ಸ್ಟಾರ್‌ನ ಲೆಕ್ಕದಲ್ಲಿ. ಇಂದಿರಾನಗರದಲ್ಲಿ 2010ರಲ್ಲಿ ಟಾಯ್ಟ್ ಶುರುವಾದಾಗ ನಾನಿನ್ನೂ ನಿಪ್ಪಾಣಿಯಲ್ಲಿ ಹೈಸ್ಕೂಲು ಹುಡುಗ. ಈಗ ಬೆಂಗಳೂರಿನ ಬ್ರೂವರಿಗಳ ಬಗ್ಗೆ ಕೇಳಿದರೆ ಅರ್ಧ ತಾಸು ಮಾತಾಡಬಲ್ಲೆ. ಮನೆಯಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಈ ಸಲ ಯುಗಾದಿಗೆ ಊರಿಗೆ ಹೋಗುವಾಗ ಗೆಳೆಯನಿಗೆಂದು ಸೋಸದ ಪೇಲ್ ಏಲ್‌ನ ಎರಡು ಕ್ಯಾನ್ ಒಯ್ದಿದ್ದೆ. ಅವನು ಕೊಲ್ಹಾಪುರಕ್ಕೆ ಹೋಗಿಬಿಟ್ಟಿದ್ದ. ಹಬ್ಬದ ಮರುದಿನ ರಾತ್ರಿ ಒಂದಕ್ಕೆ ಒದ್ದೆ ಟವೆಲ್ ಸುತ್ತಿ ಮಾಳಿಗೆ ಮೇಲೆ ಒಯ್ದೆ. ಪೇಲ್ ಏಲ್‌ಗೆ ಐಸಿನಂಥ ತಂಪು ಬೇಕಾಗಿಯೂ ಇಲ್ಲ, ತೀರಾ ತಂಪಾದರೆ ವಾಸನೆ ಏಳೋದಿಲ್ಲ. ಮುಕ್ಕಾಲು ಸುರಿದು, ಉಳಿದದ್ದನ್ನು ಕ್ಯಾನಿನಲ್ಲೇ ತಿರುವಿ, ತಳದ ಈಸ್ಟ್ ಸಮೇತ ಗ್ಲಾಸಿಗೆ ಹಾಕಿದೆ. ಮಸುಕು ಬಂಗಾರದ ಬಣ್ಣ. ಮೂಗಿನ ಹತ್ತಿರ ಒಯ್ದರೆ ಮಾವಿನಹಣ್ಣು, ಕಿತ್ತಳೆ ಸಿಪ್ಪೆ. 3.75 ಅಂತ ಟೈಪ್ ಮಾಡುವಷ್ಟರಲ್ಲಿ ಅಪ್ಪ ಮೆಟ್ಟಿಲು ಹತ್ತಿ ಬಂದರು.

‘ಏನ್ ಕುಡ್ಯಾಕತ್ತಿ?’

‘ಬಿಯರ್ ರೀ ಅಪ್ಪಾ.’

ಬೈಗುಳಕ್ಕೆ ತಯಾರಾಗಿದ್ದೆ. ಅವರು ಪಕ್ಕದಲ್ಲಿ ಕೂತು ಗ್ಲಾಸನ್ನು ಬಲ್ಬಿನ ಬೆಳಕಿಗೆ ಹಿಡಿದರು. ಅಪ್ಪ ಮೂವತ್ತು ವರ್ಷದಿಂದ ತಂಬಾಕಿನ ವಖಾರಿಯಲ್ಲಿ ಮಾಲು ನೋಡಿ ದರ್ಜೆ ಹೇಳುವವರು. ಬೀಡಿ ತಂಬಾಕಿನ ಎಲೆ ಹಣ್ಣಾದಾಗ ಮೈಮೇಲೆ ಕಂದು ಚುಕ್ಕಿ ಏಳುತ್ತವೆ. ಆ ಚುಕ್ಕಿ, ಬಣ್ಣ, ಮುಷ್ಟಿಯಲ್ಲಿ ಹಿಡಿದಾಗ ಎಲೆ ಮುರಿಯುವ ರೀತಿ, ಕೊನೆಗೆ ವಾಸನೆ. ಎಲೆಯನ್ನು ಹಿಡಿಯುವ ಹಾಗೆಯೇ ನನ್ನ ಗ್ಲಾಸ್ ಹಿಡಿದಿದ್ದರು.

‘ಸೋಸಿಲ್ಲೇನಿದನ್ನ?’

‘ಇಲ್ರಿ. ಈಸ್ಟು ಹಂಗ ಬಿಡ್ತಾರ, ಅದಕ್ಕ ಮಸುಕು.’

‘ವಾಸನಿ ಏನ ಬರ್ತೈತಿ ನಿನಗ?’

ಹೇಳಿದೆ. ‘ಹಣ್ಣ ಹಾಕ್ಯಾರೇನ?’ ಅಂದರು. ಇಲ್ರಿ, ಹಾಪ್ಸ್ ಅಂತ ಒಂದು ಬಳ್ಳಿಯ ಹೂವು, ಕಹಿಯೂ ಅದರದೇ, ಈ ಪರಿಮಳವೂ ಅದರದೇ ಅಂದೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಡೆ ಸ್ವಲ್ಪ ಬೆಳೀತಾರೆ ಅಂತಲೂ ಸೇರಿಸಿದೆ. ನನ್ನ ಉಪನ್ಯಾಸ ಇನ್ನೂ ಇತ್ತು. ಅಪ್ಪ ಗ್ಲಾಸನ್ನು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದು ಕೆಳಗಿಟ್ಟರು.

‘ನನಗೇನೂ ಬರೂದಿಲ್ಲ.’

ತಮಾಷೆ ಅಂದುಕೊಂಡೆ.

‘ಇದೊಂದ ಅಲ್ಲೋ ತಮ್ಮಾ. ಯಾವುದೂ ಬರೂದಿಲ್ಲ. ಕೊರೊನಾ ಆದಾಗಿಂದ.’

ಅಂದರೆ 2021ರ ಮೇ. ಆಗ ದಿನಾ ಫೋನ್ ಮಾಡಿ ಆಕ್ಸಿಜನ್ ಎಷ್ಟು, ಜ್ವರ ಎಷ್ಟು ಅಂತ ಕೇಳಿದ್ದೆ. ಆಮೇಲೆ ಆರಾಮಾದರು ಅಂತ ಬಿಟ್ಟಿದ್ದೆ. ಊಟಕ್ಕೆ ಹೆಸರಿಡೋದು ನಿಂತಿದೆ ಅಂತ ಅವ್ವ ಖುಷಿಯಾಗಿದ್ದಳು.

‘ಮತ್ತ ವಖಾರ್ಯಾಗ ಹೆಂಗ?’

ಕೈ ಐತಿ, ಕಣ್ಣ ಐತಿ ಅಂದರು. ಜೊತೆಗೊಬ್ಬ ಹುಡುಗ ಇದ್ದಾನಂತೆ, ಇಪ್ಪತ್ತೆರಡರವನು. ಎಲೆಯನ್ನು ಅವನ ಮೂಗಿಗೆ ಹಿಡಿದು, ‘ನಿನಗ ವಾಸನಿ ಏನ ಬರ್ತೈತಿ ಹೇಳ ನೋಡೂಣು’ ಅಂತಾರೆ. ಹುಡುಗ ಹೇಳುತ್ತಾನೆ, ಅಪ್ಪ ತಲೆಯಾಡಿಸಿ ದರ್ಜೆ ಹಾಕುತ್ತಾರೆ. ನನಗೆ ಕಲಿಸಾಕತ್ತಾರ ಅಂತ ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನಂತೆ. ಹೋದ ವರ್ಷ ಹುಡುಗ ರಜೆಯಲ್ಲಿದ್ದಾಗ ಬೂಸ್ಟಿನ ವಾಸನೆಯ ಒಂದು ಲಾಟು ಅಪ್ಪನ ಕೈಯಿಂದ ಪಾಸಾಗಿತ್ತು. ಮಳೆ ನೀರು ಸೋರಿತ್ತು ಅಂತ ಹೇಳಿ ಪಾರಾದರಂತೆ. ಮಾಲೀಕರಿಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಗುಟುಕು ಕುಡಿದರು. ‘ಕಹಿ ಐತಿ. ಅಷ್ಟ.’

ಅಷ್ಟೇ ಇರುತ್ತದೆ. ಕಹಿ, ಸಿಹಿ, ಹುಳಿ, ಉಪ್ಪು ನಾಲಿಗೆಯ ಕೆಲಸ. ಮಾವು, ಕಿತ್ತಳೆ ಎಲ್ಲ ಗಂಟಲ ಹಿಂದಿನಿಂದ ಮೂಗಿಗೆ ಏರಬೇಕು. ನಾನು ಮುನ್ನೂರು ಬಿಯರ್‌ಗೆ ಕೊಟ್ಟ ಸ್ಟಾರ್‌ಗಳೆಲ್ಲ ಮುಕ್ಕಾಲು ಮೂಗಿನವು.

ಬೆಳಿಗ್ಗೆ ಮೆಡಿಕಲ್ ಅಂಗಡಿಯಿಂದ ನೀಲಗಿರಿ ಎಣ್ಣೆ ತಂದೆ. ಗುಲಾಬಿ ಅತ್ತರು ಪೇಟೆಯಲ್ಲಿ ಸಿಕ್ಕಿತು. ಲವಂಗ, ಲಿಂಬೆ ಅಡುಗೆಮನೆಯಲ್ಲೇ ಇದ್ದವು. ಜರ್ಮನಿಯ ಡ್ರೆಸ್ಡನ್‌ನ ಥಾಮಸ್ ಹುಮ್ಮೆಲ್ ಅನ್ನೋ ವೈದ್ಯರ ತಂಡ 2009ರಲ್ಲಿ ಪ್ರಕಟಿಸಿದ ಕ್ರಮ ಇದು. ಈ ನಾಲ್ಕನ್ನೂ ದಿನಕ್ಕೆರಡು ಸಲ ಕೆಲವು ಸೆಕೆಂಡು ಮೂಸೋದು, ತಿಂಗಳುಗಟ್ಟಲೆ. ಎಲ್ಲರಿಗೂ ಫಲಿಸೋದಿಲ್ಲ, ಅದೂ ಇಷ್ಟು ತಡವಾಗಿ. ಇಎನ್‌ಟಿ ಡಾಕ್ಟರ ಹತ್ತಿರವೂ ಹೋಗಿಬಂದೆವು. ಅವ್ವ ಕೇಳಿದರೆ ಪ್ರಾಣಾಯಾಮ ಅಂತ ಹೇಳೋದೆಂದು ನಿಶ್ಚಯವಾಯಿತು.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ನಾನು ಮೀಟಿಂಗ್‌ನಲ್ಲಿದ್ದಾಗ ಅಪ್ಪನ ಫೋನ್.

‘ಲವಂಗ ಬಂತು.’

‘ಲವಂಗದ ವಾಸನೀನ?’

‘ಲವಂಗದಂಗ ಅಲ್ಲ, ರಬ್ಬರ ಸುಟ್ಟಂಗ. ಆದ್ರ ಏನೋ ಬಂತು.’

ಮೊದಮೊದಲು ವಾಸನೆ ಹಾಗೆ ಕೆಟ್ಟುಕೊಂಡೇ ಬರಬಹುದು ಅಂತ ಡಾಕ್ಟರು ಹೇಳಿದ್ದರು. ಅದನ್ನೇ ನೆನಪಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ದೀಪಾವಳಿಗೆ ಬರೂಮುಂದ ಅದನ್ನ ಇನ್ನೊಂದು ತಗೊಂಬಾ. ಅವ್ವನ ಮುಂದ ಹೇಳಬ್ಯಾಡ.’