ಈ ಸಲ ಭೈರವಿ ಆಗೂತನಕ ಏಳಂಗಿಲ್ಲ

ಮೊನ್ನೆ ಸಂಜಿಮುಂದ ಕಟ್ಟಿಮ್ಯಾಲ ಕೂತು ಮೆಂತೆಪಲ್ಯ ಸೋಸಲಿಕ್ಕೆ ಹತ್ತಿದ್ದೆ. ನಮ್ಮ ಬಡಾವಣಿ ಸಮುದಾಯ ಭವನದ ಹುಡುಗ ಬಂದು ಒಂದ ಕಾರ್ಡ್ ಕೊಟ್ಟ. "ಕಾಕು, ಈ ಥಂಡಿಗಾಲದಾಗ ಮೂರು ಸಂಗೀತ ಕಾರ್ಯಕ್ರಮ ಅವರೀ, ತಪ್ಪಸಬ್ಯಾಡ್ರಿ" ಅಂದು ಸೈಕಲ್ ಹತ್ತಿ ಹೋದ. ನಾ ಕೈ ವರಸಿಕೊಂಡು ಕಾರ್ಡನ್ನ ಫ್ರಿಜ್ಜಿಗೆ ಅಂಟಿಸಿ, ಮತ್ತ ಮೆಂತೆಪಲ್ಯಕ್ಕ ಬಂದು ಕೂತೆ. ದರ ವರ್ಷ ಮಾಡೋದು ಇಷ್ಟ ನೋಡ್ರಿ. ಕಾರ್ಡ್ ಬರ್ತದ, ಫ್ರಿಜ್ಜಿಗೆ ಅಂಟತದ, ತಾರೀಖು ದಾಟಿದ ಮ್ಯಾಲ ಅದರ ಹಿಂದ ಹಾಲಿನ ಲೆಕ್ಕ ಬರೀತೀವಿ.

ರಾತ್ರಿ ಊಟ ಆದಮ್ಯಾಲ ಅತ್ತಿಯವ್ರು ಭೂತಗನ್ನಡಿ ಹಿಡಕೊಂಡು ಫ್ರಿಜ್ಜಿನ ಮುಂದ ನಿಂತಿದ್ರು. ಅವರಿಗೆ ಈಗ 82. ಒಂದೊಂದ ಅಕ್ಷರ ಓದಿ, "ಮೂರನೇದ್ದು ಎಷ್ಟಕ್ಕಂತ?" ಅಂತ ಕೇಳಿದ್ರು.

"ಐತವಾರ ಮುಂಜಾನೆ ಐದೂವರಿಗಂತ್ರಿ. ಒಂಬತ್ತೂವರಿ ತನಕ ನಡೀತದಂತ."

"ಹಂಗಾದ್ರ ತೋಡಿ ಹಾಡಿದ್ರ ಹಾಡ್ಯಾರು" ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ತೋಡಿ ಎದುರಿಗೆ ಕೂತು ಕೇಳೇ ಇಲ್ಲ ನೋಡವಾ. ಎಲ್ಲಾ ರೇಡಿಯೋದಾಗ ಕೇಳಿದ್ದ" ಅಂದು ಮಲಗಲಿಕ್ಕೆ ಹೋದ್ರು.

ನಂಗ ಆ ರಾತ್ರಿ ನಿದ್ದಿ ಹತ್ತಲಿಲ್ಲ.

ಧಾರವಾಡದಾಗ ಇದ್ದು ಹಿಂಗ ಅಂದ್ರ ಯಾರಾದ್ರೂ ನಕ್ಕಾರು. ಗಂಗೂಬಾಯಿ ಹಾನಗಲ್ ಅವ್ರು 1913ರಾಗ ಹುಟ್ಟಿದ್ದು ಇದ ಊರಾಗ. ಮಲ್ಲಿಕಾರ್ಜುನ ಮನಸೂರ ಅವರ ಮನಸೂರು ಇಲ್ಲೇ ಬಾಜೂಕ. ಬಸವರಾಜ ರಾಜಗುರು ಅವ್ರು ನಮ್ಮ ಜಿಲ್ಲೆಯ ಯಲಿವಾಳದವ್ರು. ಊರ ತುಂಬ ಸಂಗೀತ ಅದ, ಖರೆ. ಆದ್ರ ಆ ಸಂಗೀತ ಇರೋ ಹೊತ್ತಿಗೆ ನಮ್ಮ ಮನಿ ಹೆಂಗಸರು ಎಲ್ಲಿರ್ತಾರ, ಅದನ್ನ ಕೇಳ್ರಿ.

ಹಿಂದೂಸ್ತಾನಿ ಒಳಗ ರಾಗಕ್ಕೊಂದು ಹೊತ್ತು ಅಂತ ಇರ್ತದ, ನಿಮಗೂ ಗೊತ್ತದ. ಹಂಗ ನಮಗೂ ಒಂದು ಹೊತ್ತು ಇರ್ತದ. ಈ ಎರಡೂ ಎಂದೂ ಕೂಡಂಗಿಲ್ಲ. ಹೊತ್ತು ಮುಳಗೋಮುಂದ ಪೂರಿಯಾ ಧನಾಶ್ರೀ. ಆವಾಗ ನಾವು ದೀಪಾ ಹಚ್ಚಿ, ಕಣಕ ನಾದಲಿಕ್ಕೆ ಕೂತಿರ್ತೀವಿ. ಅದರ ಹಿಂದ ಯಮನ್. ಕುಕ್ಕರ್ ಸೀಟಿ ಹೊಡೀತಿರ್ತದ. ರಾತ್ರಿ ಬಾಗೇಶ್ರೀ ಬರೋ ಹೊತ್ತಿಗೆ ಹಾಲಿಗೆ ಹೆಪ್ಪು ಹಾಕತಿರ್ತೀವಿ. ಮಾಲಕಂಸಕ್ಕ ಬಾಗಲಾ ಹಾಕಿ ಮಲಗಿರ್ತೀವಿ. ನಸಿಕಿನ್ಯಾಗ ಲಲಿತ್, ಅಂಗಳಾ ಸಾರಸೋದು, ನೀರು ತುಂಬೋದು. ತೋಡಿ ಶಾಸ್ತ್ರದ ಪ್ರಕಾರ ಹಗಲಿನ ಎರಡನೇ ಪ್ರಹರದ್ದು, ಅಂದ್ರ ಒಂಬತ್ತರಿಂದ ಹನ್ನೆರಡು. ಆವಾಗಂತೂ ಡಬ್ಬಿ, ನಾಷ್ಟಾ, ಮಡಿ, ಅಡಗಿ, ಒಂದರ ಮ್ಯಾಲ ಒಂದು. ತೋಡಿಗೂ ಹೆಣ್ಣಮಕ್ಕಳಿಗೂ ಭೆಟ್ಟಿ ಆಗೋದರೆ ಹೆಂಗ?

ಅತ್ತಿಯವರಿಗೆ ಇದೆಲ್ಲಾ ಯಾರೂ ಹೇಳಿಕೊಟ್ಟದ್ದಲ್ಲ. ಧಾರವಾಡ ಆಕಾಶವಾಣಿ ಶುರು ಆದದ್ದು 1950ರಾಗ, ಆವಾಗ ಅವ್ರು ಸಣ್ಣ ಹುಡುಗಿ. ತವರಮನ್ಯಾಗ ನಾಕು ವರ್ಷ ಪೇಟಿ ಮುಂದ ಕೂತು ಕಲ್ತಾರ. ಮದುವಿ ಆದಮ್ಯಾಲ ಪೇಟಿ ಜೋಡಿನ ಬಂತಂತ, ಆದ್ರ ಬಂದ ಎಂಟ ದಿವಸಕ್ಕ ಅಟ್ಟಾ ಏರಿತು. ಹಾಡೋ ಹೆಂಗಸರಿಗೆ ಮಂದಿ ಏನೇನೋ ಅಂತಿದ್ದ ಕಾಲ ಅದು. ಸೊಸಿ ಪಡಸಾಲ್ಯಾಗ ಕೂತು ಸಾ ಹಚ್ಚಿದ್ರ ಓಣ್ಯಾಗ ತಲಿ ಎತ್ತೋದು ಹೆಂಗ ಅಂತ ಹಿರೇರು ಅಂದರಂತ. ಯಾರೂ ಬೈಲಿಲ್ಲ, ಹೊಡೀಲಿಲ್ಲ. ಪೇಟಿ ಒಂದು ಮ್ಯಾಲ ಹೋತು, ಅಷ್ಟ.

ಮಜಾ ಏನಂದ್ರ ನಮ್ಮ ಮಾವನವ್ರು ದೊಡ್ಡ ಸಂಗೀತಪ್ರೇಮಿ. ಮನಿ ಪಡಸಾಲ್ಯಾಗ ತಿಂಗಳಿಗೊಮ್ಮೆ ಬೈಠಕ್ ಇಡಸತಿದ್ರು. ನಾ ಮದುವಿ ಆಗಿ ಬಂದಾಗೂ ಎರಡು ಮೂರು ಆದವು. ನಲವತ್ತು ಕಪ್ಪು ಚಹಾ, ಒಂದ ಡಬರಿ ಅವಲಕ್ಕಿ, ಕಲಾವಿದರಿಗೆ ಬ್ಯಾರೆ ಊಟ. ಅತ್ತಿಯವ್ರು ಅಡಗಿಮನ್ಯಾಗ ಚಪಾತಿ ಲಟ್ಟಸಗೋತನ ಹೇಳತಿದ್ರು: "ಈಗ ವಿಲಂಬಿತ ಮುಗೀತು, ದ್ರುತ್ ಹಿಡದ್ರು, ಚಹಾ ಇಡು. ಇದು ಮುಗಿಯೋದ್ರಾಗ ಉಕ್ಕಬೇಕು." ಅವ್ರ ಲೆಕ್ಕ ಒಮ್ಮೆನೂ ತಪ್ಪಲಿಲ್ಲ. ಹಾಡವ್ರ ಮುಖಾ ಮಾತ್ರ ಅವ್ರು ನೋಡಿದ್ದು ಊಟಕ್ಕ ಬಡಸೋಮುಂದ.

ಕುಂದಗೋಳಕ್ಕ ಒಮ್ಮೆ ಹೋಗ್ಯಾರ. ಸವಾಯಿ ಗಂಧರ್ವರು 1952ರಾಗ ತೀರಿಕೊಂಡ ಮ್ಯಾಲ ಅವರ ನೆನಪಿಗೆ ಅಲ್ಲೆ ನಾಡಗೇರ ವಾಡೆದಾಗ ರಾತ್ರಿ ಪೂರ್ತಿ ಸಂಗೀತ ಮಾಡ್ತಾರಲಾ, ಅದಕ್ಕ. ಅತ್ತಿಯವರ ಮದುವಿ ಆಗಿ ಎರಡ ವರ್ಷ, ಕೂಸು ಕಂಕಳದಾಗ. ರಾತ್ರಿ ಹನ್ನೊಂದಕ್ಕ ಕೂಸು ಅಳಲಿಕ್ಕೆ ಹತ್ತಿತು. ಮಂದಿ ಹೊಳ್ಳಿ ನೋಡಿದ್ರು. ಎದ್ದು ಹೊರಗ ಬಂದು, ಗ್ವಾಡಿಗೆ ಬೆನ್ನು ಹಚ್ಚಿ, ಕೂಸಿನ್ನ ತಟ್ಟಗೋತ ಬೆಳಗಿನ ತನಕ ಕೂತರಂತ. ನಸಿಕಿನ್ಯಾಗ ಒಳಗ ತೋಡಿನೋ ಲಲಿತೋ ಏನೋ ನಡದಿತ್ತು, ಕಲ್ಲಿನ ಗ್ವಾಡಿ, ಹೊರಗ ಬರೇ ತಬಲಾ ಕೇಳತಿತ್ತು ಅಂತಾರ. ಆ ಅಳೋ ಕೂಸು ನಮ್ಮನಿಯವ್ರು. ಈ ಮಾತು ಬಂದಾಗೆಲ್ಲಾ ಅವ್ರು ಪೇಪರ್ ಮುಖಕ್ಕ ಹಿಡೀತಾರ.

"ಗಂಗೂಬಾಯಿ ಅವ್ರು ಹುಬ್ಬಳ್ಳಿಂದ ರೈಲು ಹತ್ತಿ ಅದ ಕುಂದಗೋಳಕ್ಕ ಹೋಗಿ ಸವಾಯಿ ಗಂಧರ್ವರ ಕಡೆ ಕಲ್ತರು. ಆಕಿಗೂ ಮನಿ ಇತ್ತು, ಮಕ್ಕಳಿದ್ವು, ಮಂದಿ ಮಾತು ಇತ್ತು. ನಾ ಅಡಗಿಮನಿಂದ ಪಡಸಾಲಿ ತನಕ ಬರಲಿಕ್ಕಾಗಲಿಲ್ಲ" ಅಂತ ಅತ್ತಿಯವ್ರು ಒಮ್ಮೆ ಅಂದಿದ್ರು. ಸಿಟ್ಟಿಲೆ ಅಂದದ್ದಲ್ಲ. ಅಕ್ಕಿ ಆರಿಸಗೋತ ಅಂದದ್ದು.

ಇದು ಅವರ ಕಾಲದ ಕಥಿ ಅನ್ನೋಣ ಅಂದ್ರ, ನಮ್ಮದೇನು? ನಮ್ಮ ಭವನದಾಗ ಶನಿವಾರ ಸಂಜಿ ಆರಕ್ಕ ಶುರು ಅಂತಾರ, ತಂಬೂರಿ ಶ್ರುತಿ ಆಗಿ, ತಬಲಾಕ್ಕ ಹತೋಡಿ ಬಡದು, ಮೈಕಿನವ ಕುಂಯ್ ಅನಿಸೋದು ಬಿಡಸೂದ್ರಾಗ ಆರೂವರಿ. ಮುಂದ ಜಮಖಾನಿ ಮ್ಯಾಲ ಗಂಡಸರು ಆರಾಮ ತೆಕ್ಕಿ ಹಚ್ಚಿ ಕೂತಿರ್ತಾರ. ನಾವೆಲ್ಲಾ ಎಲ್ಲೆ? ಹಿಂದ, ಬಾಗಲಾ ಬಾಜೂಕ. ಯಾರೂ ಅಲ್ಲೆ ಕೂಡ್ರಿ ಅಂತ ಹೇಳಿಲ್ಲ. ಏಳಲಿಕ್ಕೆ ಸಲೀಸು ಅಂತ ನಾವ ಕೂಡ್ತೀವಿ. ಎಂಟಾತು ಅಂದ್ರ ಒಬ್ಬಾಕಿ ಗಡಿಯಾರ ನೋಡ್ತಾಳ, ಮತ್ತೊಬ್ಬಾಕಿ ಚಪ್ಪಲಿ ಹುಡುಕತಾಳ, ಎಂಟೂಕಾಲಕ್ಕ ಹಿಂದಿನ ಜಮಖಾನಿ ಖಾಲಿ. ದೊಡ್ಡ ಖ್ಯಾಲ ಮುಗದು, ವಚನ, ದಾಸರ ಪದ ಬರೋದು ಆಮ್ಯಾಲ. ಎಲ್ಲಾಕಿಂತ ಕಡಿಗೆ ಭೈರವಿ. ಭೈರವಿ ಖರೇ ಅಂದ್ರ ಮುಂಜಾನಿ ರಾಗ, ಆದ್ರ ಯಾವ ಹೊತ್ತಿನ ಕಚೇರಿ ಇದ್ರೂ ಅದರಲೆ ಮುಗಸೋದು ಪದ್ಧತಿ. ಭೈರವಿ ಹಾಡಿದ ಮ್ಯಾಲ ಮತ್ತೊಂದು ರಾಗ ಹಚ್ಚಂಗಿಲ್ಲ. ನಾ ಈ ಭವನಕ್ಕ 26 ವರ್ಷದಿಂದ ಹೋಗಲಿಕ್ಕೆ ಹತ್ತೇನಿ. ಭೈರವಿ ಕೇಳಿದ್ದು ಎರಡ ಸಲ. ಒಮ್ಮೆ ಜೋರ ಮಳಿ ಬಂದು ಹೊರಗ ಹೋಗಲಿಕ್ಕಾಗಲಿಲ್ಲ ಅಂತ. ಇನ್ನೊಮ್ಮೆ ಮನ್ಯಾಗ ಯಾರೂ ಇರಲಿಲ್ಲ ಅಂತ.

ಈಗ ನನ್ನ ತಪ್ಪೂ ಹೇಳ್ತೇನಿ. ಹೋದ ವರ್ಷನೂ ಹಿಂಗ ಒಂದು ಮುಂಜಾನಿ ಕಾರ್ಯಕ್ರಮ ಇತ್ತು. ಅತ್ತಿಯವ್ರು ಕೇಳಿದ್ರು, ನಾ ಹೂಂ ಅಂದಿದ್ದೆ. ಹಿಂದಿನ ರಾತ್ರಿ ಊರಿಂದ ಬೀಗರು ಬಂದ್ರು. ಐತವಾರ, ಎಲ್ಲಾರೂ ಮನ್ಯಾಗ, ದೋಸೆಕ್ಕ ಹಿಟ್ಟು ಬ್ಯಾರೆ ರುಬ್ಬಿಟ್ಟಿದ್ದೆ. "ಮುಂದಿನ ವರ್ಷ ಹೋಗೋಣಂತ್ರಿ" ಅಂದೆ. ಅವ್ರು "ಆತು" ಅಂದು ಚಟ್ನಿಗೆ ಕೊಬ್ಬರಿ ಹೆರದುಕೊಟ್ರು.

ಆ "ಮುಂದಿನ ವರ್ಷ" ಬರೂದ್ರಾಗ ಅವರ ಎಡಗಿವಿ ಹೋತು. ಬಲಗಿವಿ ಅರ್ಧಾ ಅದ. ಮಷೀನು ಹಾಕಸೇವಿ. ಮಾತು ಕೇಳತದ, ಆದ್ರ ರೇಡಿಯೋದಾಗ ಹಾಡು ಹಚ್ಚಿದ್ರ "ತಂಬೂರಿ ಸೀಟಿ ಹೊಡದಂಗ ಕೇಳಸ್ತದ" ಅಂತ ಬಂದ್ ಮಾಡ್ತಾರ. ಕಿವಿ ತಪಾಸ್ ಮಾಡೋ ಹುಡುಗಿ ಹೇಳಿದ್ಳು, ಈ ಮಷೀನ್ ಮೊದಲ ಮಾತು ಕೇಳಸಲಿ ಅಂತ ಮಾಡಿದ್ದು, ಸಂಗೀತದ ಸ್ವರ ಉದ್ದ ನಿಂತ್ರ ಅದಕ್ಕ ಗದ್ದಲ ಅನಿಸಿ ಒತ್ತಿಬಿಡ್ತದ ಅಂತ. ಸಂಗೀತಕ್ಕ ಬ್ಯಾರೆ ಸೆಟ್ಟಿಂಗ್ ಇರ್ತದಂತ, ಕೇಳಿದ್ರ ಹಾಕಿಕೊಡ್ತಾರಂತ. ನಾ ಕೇಳೇ ಇರಲಿಲ್ಲ. ನಿಮ್ಮ ಮನ್ಯಾಗ ಯಾರಾದ್ರೂ ಮಷೀನ್ ಹಾಕೋವ್ರಿದ್ರ ಇದೊಂದು ಕೇಳ್ರಿ. ನಿನ್ನೆ ಹೋಗಿ ಹಾಕಿಸಿಕೊಂಡು ಬಂದೆ.

ಮನ್ಯಾಗ ಮಾತು ತಗದೆ. "ಇಷ್ಟ ಥಂಡ್ಯಾಗ ಅಮ್ಮನ್ನ ನಸಿಕಿನ್ಯಾಗ ಹೊರಗ ಕರಕೊಂಡು ಹೋಗ್ತೀಯೇನು? ಮೊಬೈಲದಾಗ ಹಾಕಿಕೊಡು, ಬೇಕಾದವರ ತೋಡಿ ಸಿಗ್ತದ" ಅಂದ್ರು ನಮ್ಮನಿಯವ್ರು. ನಾ ಏನೂ ಅನಲಿಲ್ಲ. ಅತ್ತಿಯವ್ರೇ ಅಂದ್ರು: "ನಿನ್ನ ಸಂಬಂಧ ಒಮ್ಮೆ ಗ್ವಾಡಿ ಹೊರಗಿಂದ ಕೇಳೇನಿ. ಇನ್ನ ಈ ಮಷೀನ್ ಹೊರಗಿಂದ ಎಷ್ಟ ದಿವಸ ಕೇಳಲಿ?" ಪೇಪರ್ ಮ್ಯಾಲೇರಿತು. ಐದ ನಿಮಿಷ ಆದಮ್ಯಾಲ ಪೇಪರಿನ ಹಿಂದಿಂದ ದನಿ ಬಂತು, "ಅವತ್ತ ಉಪ್ಪಿಟ್ಟು ನಾ ಮಾಡ್ತೇನಿ ತಗೋ."

ಹಂಗಾಗಿ ಈಗ ನಮ್ಮ ತಯಾರಿ ಹಿಂಗದ.

ಮೊದಲನೇದ್ದು ಬರೋ ಶನಿವಾರ ಸಂಜಿ ಆರಕ್ಕ, ಗಾಯನ. ಇಲ್ಲೇ ಊರಾಗ ಕಲಿಸೋ ಬಾಯಿಯವ್ರು ಹಾಡವ್ರಿದ್ದಾರ. ಇದು ನಮಗ ರೂಢಿ ಮಾಡ್ಕೊಳ್ಳಿಕ್ಕೆ. ಮಧ್ಯಾಹ್ನನ ಸಾರು, ಪಲ್ಯ ಮಾಡಿ ಮುಚ್ಚಿಡ್ರಿ, ಭಕ್ರಿ ಖಾನಾವಳಿಯಿಂದ ತರಸ್ರಿ, ಅನ್ನಕ್ಕ ಅಕ್ಕಿ ತೊಳದು ಕುಕ್ಕರಿನ್ಯಾಗ ಇಟ್ಟು ಬರ್ರಿ. ಗ್ಯಾಸ್ ಹಚ್ಚೋದು ಎಲ್ಲಾರಿಗೂ ಬರ್ತದ. ಎಂಟೂಕಾಲಕ್ಕ ನಿಮ್ಮ ಕಾಲು ತಾವ ಏಳ್ತಾವ, ನಂಗ ಗೊತ್ತದ. ಬಾಜೂದಾಕಿ ಸೆರಗು ಹಿಡದು ಕೂಡಸ್ರಿ.

ಎರಡನೇದ್ದು ಮುಂದಿನ ತಿಂಗಳು, ಸಿತಾರ್. ರಹಿಮತ್ ಖಾನರು ಬಂದು ನೆಲಿಸಿದ ಕಾಲದಿಂದ ಸಿತಾರ್ ನಮ್ಮೂರಿಗೆ ಹೊಸಾದಲ್ಲ. ಮಾತಿಲ್ಲದ ಸಂಗೀತ ತಿಳಿಯಂಗಿಲ್ಲ ಅನ್ನವರು ಸುಮ್ಮ ಬಂದು ಕೂಡ್ರಿ. ಆಲಾಪ ನಡದಾಗ ತಬಲಾದಾವ ಕೈಕಟ್ಟಿ ಕೂತಿರ್ತಾನ, ಆವ ಯಾವಾಗ ಹಿಡೀತಾನ ಅಂತ ಕಾಯೋದ್ರಾಗ ಅರ್ಧಾ ರುಚಿ ಅದ.

ಮೂರನೇದ್ದು ಆ ಐತವಾರ. ಅತ್ತಿಯವರಿಗೆ ಖುರ್ಚಿ ಹಾಕಸಲಿಕ್ಕೆ ಹೇಳಿ ಬಂದೇನಿ. ಬಾಗಲಾ ಬಾಜೂಕ ಅಲ್ಲ, ಮುಂದ, ಸ್ಪೀಕರಿನಿಂದ ದೂರ, ಹಾಡವರ ಬಲಕ್ಕ. ಶಾಲು, ಕಿವಿಗೆ ಮಫ್ಲರ್, ಥರ್ಮಾಸಿನ್ಯಾಗ ಚಹಾ. ಮಷೀನಿಗೆ ಹೊಸಾ ಸೆಲ್.

ಕಾರ್ಡಿನ ಮ್ಯಾಲ ಯಾವ ರಾಗ ಅಂತ ಬರದಿಲ್ಲ. ಅದು ಹಾಡವ್ರ ಮರ್ಜಿ, ವೇದಿಕಿ ಮ್ಯಾಲ ಕೂತ ಮ್ಯಾಲ ಠರಾಸ್ತಾರ. "ಅಹೀರ ಭೈರವ ಹಾಡಿ ಎದ್ದಬಿಟ್ರ ಏನ ಮಾಡ್ತೀರಿ?" ಅಂತ ಅತ್ತಿಯವರಿಗೆ ಕೇಳಿದೆ. "ಅದನ್ನೂ ನಾ ಎದುರಿಗೆ ಕೂತು ಕೇಳಿಲ್ಲಲಾ" ಅಂದು ನಕ್ರು. ಆದ್ರ ನಾ ಒಂದು ಚೀಟಿ ಬರದಿಟ್ಟೇನಿ. ಫರ್ಮಾಯಿಶ್ ಚೀಟಿ ಮುಂದ ಕಳಸೋದು ಯಾವಾಗಲೂ ಗಂಡಸರ ಕೆಲಸಾ, ಈ ಸಲ ಹಿಂದಿನ ಜಮಖಾನಿದೂ ಒಂದು ಹೋಗಲಿ. ಚೀಟ್ಯಾಗ ಹೆಸರು ಹಾಕಿಲ್ಲ. "ತೋಡಿ ಆಗಲಿ" ಅಂತ ಎರಡ ಶಬ್ದ.

ನಿನ್ನೆ ಮಧ್ಯಾಹ್ನ ಅಟ್ಟಾ ಹತ್ತಿ ಪೇಟಿನೂ ಇಳಿಸಿದೆ. ಭಾತೆ ಹರದದ, ಎರಡು ಸ್ವರ ಹತ್ತಿದ್ದು ಬಿಡವೊಲ್ಲವು. ಅತ್ತಿಯವ್ರು ಧೂಳಾ ವರಸಿ ಸಾ ಒತ್ತಿದ್ರು, ಅದಷ್ಟ ಸರೀ ಹೊಂಟಿತು. ರಿಪೇರಿಗೆ ಕೊಡೋದದ.

ಬರವ್ರು ಶುಕ್ರವಾರದೊಳಗ ಹೇಳಿಬಿಡ್ರಿ. ನಸಿಕಿನ್ಯಾಗ ರಿಕ್ಷಾ ಸಿಗೂದಿಲ್ಲ, ಮೊದಲ ಹೇಳಿಡಬೇಕು. ಒಂದ ರಿಕ್ಷಾದಾಗ ಮೂರು ಮಂದಿ. ಅತ್ತಿಯವ್ರು, ನಾನು ಆದ್ವಿ. ಇನ್ನೊಂದು ಜಾಗಾ ಅದ.